ಮಾವನ ಚೀನಾ ಯುದ್ಧ

ಚೀನಾ ಯುದ್ಧ ಮುಗಿದು ಹತ್ತು ವರ್ಷದ ಮೇಲಾಗಿತ್ತು ಅಂತ ನೀವು ಹೇಳಬಹುದು. ಕೊಳ್ಳೇಗಾಲದ ನನ್ನ ಸೋದರಮಾವನಿಗೆ ಯಾರೂ ಹೇಳಿರಲಿಲ್ಲ! ಅವರು ರೇಷ್ಮೆ ಸೀರೆ ನೇಯುವವರು. ಗಡಿ ಜಗಳದ ಜೊತೆಗೆ ಚೀನಾ ರೇಷ್ಮೆಯ ಮೇಲಿನ ಸಿಟ್ಟೂ ಸೇರಿಕೊಂಡಿತ್ತು. ಹಿಂದಿಯಲ್ಲಿ ಸಕ್ಕರೆಗೆ ‘ಚೀನಿ’ ಅಂತಾರೆ ಎಂದು ಲಾರಿ ಕ್ಲೀನರೊಬ್ಬ ಹೇಳಿದ್ದೇ ತಡ, ಸಕ್ಕರೆ ಡಬ್ಬ ಪಕ್ಕದ ಮನೆ ಸೇರಿತು. ಅತ್ತೆ ಏನು ಮಾಡಿಯಾರು? ಬೆಲ್ಲದ ಕಾಫಿ ಕುಡಿದು ದೇಶಸೇವೆ ಮಾಡಿದರು.

ಯಳಂದೂರಿಗೆ ಹೆಣ್ಣು ನೋಡಲು ಹೋದಾಗ ಹೆಣ್ಣಿನ ಮನೆಯವರು ಚೀನೀ ಮಣ್ಣಿನ ಪಿಂಗಾಣಿ ಬಟ್ಟಲಲ್ಲಿ ಕಾಫಿ ಕೊಟ್ಟರು. ಮಾವ ಅದನ್ನು ಎರಡು ಬೆರಳಲ್ಲಿ ದೂರ ತಳ್ಳಿ, “ಶತ್ರು ದೇಶದ ಮಣ್ಣು, ತೆಗೀರಿ ಅತ್ಲಾಗೆ!” ಎಂದರು. ಸಂಬಂಧ ಮುರಿಯಿತು. ಯಾರದ್ದು? ನನ್ನದೇ!

ಇಂಥವರನ್ನು ದೇವರು ಒಡೆಯರಪಾಳ್ಯಕ್ಕೆ ತಂದು ನಿಲ್ಲಿಸಿದ. ನಾವಿಬ್ಬರೂ ನೆಂಟರ ಮನೆಯಿಂದ ಬರುತ್ತಿದ್ದಾಗ ಕೊನೇ ಬಸ್ಸು ಅಲ್ಲಿ ಕೆಟ್ಟಿತು. ರಾತ್ರಿ ಹತ್ತಾಗಿತ್ತು. ತೆರೆದಿದ್ದದ್ದು ಒಂದೇ ಒಂದು ಜಾಗ, ಅಲ್ಲಿ ಬಂದು ನೆಲೆಸಿದ್ದ ಟಿಬೆಟಿನವರ ಪುಟ್ಟ ಹೋಟೆಲು. ಬಸ್ಸಿನವರೆಲ್ಲ ಒಳಗೆ ನುಗ್ಗಿ, ಹಬೆಯಾಡುವ ಕಡುಬಿಗೂ ಬಿಸಿ ಶ್ಯಾವಿಗೆ ಸಾರಿಗೂ ಮುಗಿಬಿದ್ದರು.

ಮಾವ ಹೊರಗಿನ ಕಲ್ಲಿನ ಮೇಲೇ ಕೂತರು. “ಚೀನಾದವ್ನ ಅನ್ನ ತಿನ್ನಾಕಿಲ್ಲ ಕಣ್ಲಾ. ನೀನು ತಿಂದ್ರೆ ನನ್ನ ಮಾತಾಡಿಸ್ಬ್ಯಾಡ.”

ನಾನು ತಿಂದೆ. ಎರಡು ತಟ್ಟೆ!

ಹೋಟೆಲಿನವನೇ ಎದ್ದುಬಂದು, “ಯಜಮಾನ್ರೇ, ಊಟ?” ಎಂದ.

“ನೀವು ಚೀನಾದೋರಲ್ವಾ?”

ಅವನ ಮುಖದ ನಗು ಹೋಯಿತು. “ಅಲ್ಲ ಸಾ. ಚೀನಾದವ್ರು ನಮ್ಮೂರಿಗೆ ಬಂದ್ರು. ನಾವು ಅಮ್ಮನ್ನ ಎತ್ಕೊಂಡು ಹಿಮದಲ್ಲಿ ನಡೆದ್ವಿ. ನನ್ನ ತಮ್ಮ ದಾರಿಯಲ್ಲೇ ತೀರ್ಕೊಂಡ.”

ಒಲೆಯ ಮುಂದೆ ಅವನ ಮುದಿ ತಾಯಿ ಬಗ್ಗಿ ಹಿಟ್ಟು ಲಟ್ಟಿಸುತ್ತಿದ್ದಳು. ಮಾವ ಅವಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಬಿಟ್ಟು, ಒಳಗೆ ಹೋಗಿ, ನನ್ನ ಪಕ್ಕ ಕೂತರು. ಅವಳು ತಟ್ಟೆ ತಂದಿಟ್ಟಳು. ತಲೆ ತಗ್ಗಿಸಿಕೊಂಡು ತಿಂದರು. ಅವಳು ಇನ್ನೆರಡು ಕಡುಬು ಹಾಕಿದಳು, ಅವನ್ನೂ ಮುಗಿಸಿದರು.

ಬಸ್ಸು ಸರಿಹೋದಾಗ ಮಾವ ಹೋಟೆಲಿನವನ ಹತ್ತಿರ ಏನೋ ಮಾತಾಡಿ, ಎಲ್ಲರಿಗಿಂತ ಕೊನೆಗೆ ಬಂದು ಹತ್ತಿದರು. ಕೊಳ್ಳೇಗಾಲದಲ್ಲಿ ಇಳಿಯುವಾಗ ನನ್ನ ತೋಳು ಹಿಡಿದುಕೊಂಡರು.

“ದೀಪಾವಳಿಗೆ ಅವ್ರನ್ನ ಮನೆಗೆ ಕರ್ದಿವ್ನಿ ಕಣ್ಲಾ. ಅಜ್ಜಿ ಒಬ್ಳೇ ಮುಂಚೆ ಬತ್ತಾಳೆ, ಮಗ ಹೋಟ್ಲು ಮುಚ್ಚಿ ಸಂಜೆಗೆ. ಆ ಅಜ್ಜಿಗೆ ಕನ್ನಡ ಬರಾಕಿಲ್ಲ, ದಾರಿ ಕೇಳಾಕೂ ಆಗಾಕಿಲ್ಲ. ಬೆಳಿಗ್ಗೇನೇ ಬಸ್‌ಸ್ಟ್ಯಾಂಡಿಗೆ ಬಂದು ನಾವೇ ನಿಂತಿರ್ಬೇಕು.”