ಕರಡಿಯ ಊಟದ ಡಬ್ಬಿ

ಹೊಸ ಪುಸ್ತಕದ ಅಂಟಿನ ವಾಸನೆ ಎಂದರೆ ಗುಮಾಸ್ತರಿಗೆ ಚಿಕ್ಕಂದಿನಲ್ಲಿ ಪ್ರಾಣ. ಶಾಲೆ ತೆರೆದ ದಿನ ಪುಸ್ತಕವನ್ನು ಕಣ್ಣಿಗಿಂತ ಮೊದಲು ಮೂಗಿಗೆ ಹಿಡಿದು ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡವರು ಅವರು. ಈಗ ಅದೇ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಾರೆ. ಆ ಬೆಳಿಗ್ಗೆ ಮೇಜಿನ ಮೇಲೆ ಬಿಚ್ಚಿಟ್ಟ ಕಟ್ಟಿನಿಂದ ಅದು ಘಮ್ಮೆಂದು ಎದ್ದಿತು. ಮಕ್ಕಳಿಗಾಗಿ ಹೆಂಡತಿ ಬರೆದ ಹನ್ನೊಂದನೆಯ ಪುಸ್ತಕ: ‘ಮರೆಗುಳಿ ಕರಡಿ ಬೀಗದ ಕೈ ಕಳೆದದ್ದು’.

“ಇದು ಇವತ್ತೇ ಬರಬೇಕಿತ್ತಾ?”

“ಯಾಕ್ರೀ, ಇವತ್ತೇನು?” ಹೆಂಡತಿ ಕನ್ನಡಕ ಹುಡುಕುತ್ತಿದ್ದರು. ಗುಮಾಸ್ತರು ಅದನ್ನು ಅವರ ತಲೆಯ ಮೇಲಿಂದ ಇಳಿಸಿ ಮೂಗಿಗೆ ಏರಿಸಿದರು.

“ಬೀಗದ ಕೈ ಯಾರಿಗೆ ಅಂತ ನಮ್ಮ ಮ್ಯಾನೇಜರ್ ಮೇಡಂ ಇವತ್ತು ಹೇಳ್ತಾರೆ. ವಾರದಿಂದ ಹೇಳ್ತಾ ಇದ್ದೀನಲ್ಲ.”

ಗುಮಾಸ್ತರ ಕೆಲಸ ಬಸ್ ಡಿಪೋದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನು ಇಡುವ ಕೋಣೆಯಲ್ಲಿ. ಹತ್ತೊಂಬತ್ತು ವರ್ಷದಿಂದ ಕೊಡೆ, ಚೀಲ, ಕಟ್ಟಿಸಿದ ಹಲ್ಲುಗಳಿಗೆ ಚೀಟಿ ಕಟ್ಟುತ್ತಿದ್ದಾರೆ. ಒಂದು ಗುಂಡಿಯೂ ಕಾಣೆಯಾಗಿಲ್ಲ. ಕೋಣೆಯ ಮುಖ್ಯಸ್ಥರು ನಿವೃತ್ತರಾದ ಮೇಲೆ ಅವರ ಕುರ್ಚಿ, ಬೀಗದ ಕೈ ಗುಮಾಸ್ತರಿಗೆ ಸಿಗಬೇಕು, ಇಲ್ಲವೇ ಸೀಟಿಗೆ. ಸೀಟಿ ಎಂದರೆ ಜೊತೆಯ ಕೆಲಸಗಾರ. ಸದಾ ಶಿಳ್ಳೆ ಹಾಕುವವನಿಗೆ ಡಿಪೋ ಕೊಟ್ಟ ಹೆಸರು ಅದು.

ಅಡ್ಡಬಂದದ್ದು ಕರಡಿ. ಮೊದಲ ಪುಸ್ತಕಕ್ಕೆ ಚಿತ್ರ ಬರೆದವನು ಇವರ ಮನೆಯಲ್ಲಿ ಎರಡು ಲೋಟ ಚಹಾ ಕುಡಿದು ಹೋಗಿ, ಗುಮಾಸ್ತರ ಹೊಟ್ಟೆ, ಮೀಸೆ, ಹಸಿರು ಸ್ವೆಟರು ಮೂರನ್ನೂ ಕರಡಿಗೆ ತಗುಲಿಸಿಬಿಟ್ಟಿದ್ದ. ಅಂದಿನಿಂದ ಕರಡಿ ಕೊಡೆ ಕಳೆಯಲಿ, ಒಂಟಿ ಚಪ್ಪಲಿ ಕಳೆಯಲಿ, ಊರಿನ ಬಾಯಲ್ಲಿ ಕಳೆದವರು ಗುಮಾಸ್ತರೇ. ಪ್ರತಿ ಪುಸ್ತಕದ ಕೊನೆಗೆ ‘ಏನನ್ನೂ ಕಳೆಯದಿರಲು ಹತ್ತು ಉಪಾಯ’ ಎಂದು ಮಕ್ಕಳಿಗೆ ಹೆಂಡತಿ ಬುದ್ಧಿಯನ್ನೂ ಹೇಳುತ್ತಿದ್ದರು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೊಸ ಪುಸ್ತಕ ಕೇಳಿ ಒಂದು ಶಾಲೆಯವರು ಫೋನಿಟ್ಟರೆ ಇನ್ನೊಂದು ಶಾಲೆಯವರು. ಒಲೆಯ ಮೇಲೆ ಅನ್ನ ಇನ್ನೂ ಅಕ್ಕಿಯಾಗಿಯೇ ಇತ್ತು.

“ನೀವು ನಡೀರಿ. ಮಧ್ಯಾಹ್ನ ಡಬ್ಬಿ ನಾನೇ ತಂದುಕೊಡ್ತೀನಿ” ಎಂದರು ಹೆಂಡತಿ, ಫೋನಿಗೆ ಕೈ ಅಡ್ಡ ಹಿಡಿದು.

ಮೆಟ್ಟಿಲಲ್ಲಿ ಕೆಳಮನೆಯ ನಿವೃತ್ತ ಡ್ರಿಲ್ ಮಾಸ್ತರು ದಾರಿಗೆ ಅಡ್ಡ ನಿಂತಿದ್ದರು. “ಏನಪ್ಪಾ ಕರಡಿ, ಮನೆ ಕೀ ಇದೆಯಾ?”

“ಇದೆ ಸಾರ್.”

“ಎಲ್ಲಿ, ತೋರಿಸು.”

ತೋರಿಸಿ ಬಿಡುಗಡೆ ಪಡೆದರೆ, ಬಸ್ ನಿಲ್ದಾಣದಲ್ಲಿ ಎರಡು ಜಡೆಯ ಹುಡುಗಿ. “ಕರಡಿ ಮಾವ, ಚಪ್ಪಲಿ ಎರಡೂ ಒಂದೇ ಜೊತೇದಾ?” ಗುಮಾಸ್ತರು ಕೊಕ್ಕರೆಯಂತೆ ಒಂಟಿಕಾಲಲ್ಲಿ ನಿಂತು ಒಂದೊಂದೇ ಪಾದ ಎತ್ತಿ ತೋರಿಸುವಷ್ಟರಲ್ಲಿ ಬಸ್ಸು ಹೊರಟುಹೋಯಿತು.

ಡಿಪೋ ತಲುಪಿದಾಗ ಒಂಬತ್ತು ನಿಮಿಷ ತಡ. ಅಂಗಡಿಗೆ ಆಗಲೇ ಬಂದಿದ್ದ ಹೊಸ ಪುಸ್ತಕವನ್ನು ಕೌಂಟರಿನ ಮೇಲೆ ನಿಲ್ಲಿಸಿಟ್ಟು ಸೀಟಿ ಶಿಳ್ಳೆ ಹಾಕುತ್ತಿದ್ದ. “ಅಣ್ಣಾ, ನಿಮ್ಮ ಸುದ್ದಿ ಬಂದಿದೆ.”

ಮೇಡಂ ನಗಲಿಲ್ಲ. “ನನ್ನ ಮೊಮ್ಮಗಳೂ ಹೇಳಿದಳು, ಅಜ್ಜಿ ಕರಡಿಗೆ ಕೀ ಕೊಡಬೇಡ ಅಂತ. ನಾನು ಪುಸ್ತಕ ನೋಡಲ್ಲ, ಕೆಲಸ ನೋಡ್ತೀನಿ. ಊಟದ ಹೊತ್ತಿಗೆ ಹೇಳ್ತೀನಿ.”

ಗುಮಾಸ್ತರ ಎದೆ ಹಗುರವಾಯಿತು. ಒಂದು ಗಂಟೆಗೆ ಮೇಡಂ ಬಂದರು. ಬೀಗದ ಕೈ ಅವರ ಕೈಯಲ್ಲೇ ಇತ್ತು. ಹಿಂದೆಯೇ ಕಂಡಕ್ಟರ್ ಬಂದು ಒಂದು ಊಟದ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದ.

“ಬಸ್ಸಿನ ಹಿಂದಿನ ಸೀಟಲ್ಲಿ ಸಿಕ್ತು. ಹಗುರ ಇದೆ, ತಿಂದು ಬಿಟ್ಟುಹೋಗಿದ್ದಾರೆ. ಮುಚ್ಚಳದ ಮೇಲಿನ ಹೆಸರು ನೋಡಿ.”

ಹೆಸರು ಗುಮಾಸ್ತರದೇ.

“ನಾನು ಡಬ್ಬಿ ತಂದೇ ಇಲ್ಲ ಮೇಡಂ.”

“ಕರಡಿನೂ ಹೀಗೇ ಹೇಳುತ್ತೆ, ಆರನೇ ಪುಟದಲ್ಲಿ” ಎಂದ ಸೀಟಿ.

“ಸುಮ್ಮನಿರಿ. ತಂದಿಲ್ಲ ಅಂದರೆ ತಂದಿಲ್ಲ” ಎಂದರು ಮೇಡಂ. “ಬಿಟ್ಟವರು ಬಂದು ಸಹಿ ಹಾಕಲಿ, ಗೊತ್ತಾಗುತ್ತೆ.”

ಬಿಟ್ಟವರು ಬಂದರು. ಏದುಸಿರು ಬಿಡುತ್ತ ಹೆಂಡತಿ. ಅವರನ್ನು ಬೀದಿಯಲ್ಲಿ ಕಂಡು ಬೆನ್ನುಹತ್ತಿದ, ಪುಸ್ತಕ ಹಿಡಿದ ಇಪ್ಪತ್ತು ಮಕ್ಕಳು.

“ಬನ್ನಿ, ಬನ್ನಿ. ನೀವೂ ಏನಾದರೂ ಬಿಟ್ಟಿರಾ?” ಮೇಡಂ ಕೇಳಿದರು.

“ಅವರು ಏನೂ ಕಳೆಯಲ್ಲ” ಎಂದಿತು ಒಂದು ಪುಟಾಣಿ. “ಹತ್ತು ಉಪಾಯ ಅವರೇ ಬರೆದಿದ್ದು.”

ಹೆಂಡತಿ ಡಬ್ಬಿ ನೋಡಿದರು. ಅವರ ಕಿವಿ ಕೆಂಪಾದವು. ಗುಮಾಸ್ತರಿಗೆ ಹನ್ನೊಂದು ಪುಸ್ತಕಗಳೂ ಒಟ್ಟಿಗೇ ಅರ್ಥವಾದವು. ಕೊಡೆ ಅವಳದು. ಒಂಟಿ ಚಪ್ಪಲಿ ಅವಳದು. ಹೋದ ವರ್ಷ ಅಕ್ಕಿ ಡಬ್ಬದಲ್ಲಿ ಸಿಕ್ಕಿದ ಮನೆಯ ಕೀಯೂ ಅವಳದೇ. ಎಲ್ಲವನ್ನೂ ಹುಡುಕಿಕೊಟ್ಟವರು ತಾವು. ಕರಡಿಯಲ್ಲಿ ತಮ್ಮದೆಂದರೆ ಹೊಟ್ಟೆ, ಮೀಸೆ, ಸ್ವೆಟರು ಮಾತ್ರ.

ಹೆಂಡತಿ ಬಾಯಿ ತೆರೆದರು. ಗುಮಾಸ್ತರು ಮುಂದಾದರು.

“ಡಬ್ಬಿ ನಂದೇ ಮೇಡಂ. ತಂದಿದ್ದೆ. ತಂದಿದ್ದನ್ನೇ ಮರೆತಿದ್ದೆ.”

ಮಕ್ಕಳು ಕೇಕೆ ಹಾಕಿ ನಕ್ಕರು. ಮೇಡಂ ಗುಮಾಸ್ತರನ್ನು ನೋಡಿದರು, ಅವರ ಹೆಂಡತಿಯನ್ನು ನೋಡಿದರು, ನಿಟ್ಟುಸಿರಿಟ್ಟು ಬೀಗದ ಕೈಯನ್ನು ಸೀಟಿಯ ಅಂಗೈಗೆ ಹಾಕಿದರು.

ಮಕ್ಕಳೆಲ್ಲ ಸಹಿ ಹಾಕಿಸಿಕೊಂಡು ಹೋದ ಮೇಲೆ, ಚೀಟಿ ಕಟ್ಟಿದ ಕೊಡೆಗಳ ನಡುವಿನ ಬೆಂಚಿನ ಮೇಲೆ ಇಬ್ಬರೂ ಕುಳಿತರು.

“ಯಾಕ್ರೀ ಹಾಗಂದ್ರಿ?”

“ಹತ್ತು ಉಪಾಯ ನೀನು ಬರೆದಿದ್ದೀಯ. ಹನ್ನೊಂದನೇ ಉಪಾಯ ನಾನೇ.”

ಹೆಂಡತಿ ಕಣ್ಣೊರೆಸಿಕೊಂಡು, “ಮೊದಲು ಊಟ ಮಾಡಿ” ಎಂದು ಮುಚ್ಚಳ ತೆಗೆದರು. ಡಬ್ಬಿ ತೊಳೆದಿಟ್ಟಷ್ಟು ಚೊಕ್ಕವಾಗಿತ್ತು. ಅನ್ನ ಮನೆಯ ಒಲೆಯ ಮೇಲೆಯೇ ಉಳಿದಿತ್ತು.

ಕೋಣೆಯಲ್ಲಿ ಶಿಳ್ಳೆ ನಿಂತಿತು. ಸೀಟಿ ಎದ್ದು ಬಂದು, ತನ್ನ ಡಬ್ಬಿಯ ಅರ್ಧ ಊಟವನ್ನು ಆ ಖಾಲಿ ಡಬ್ಬಿಗೆ ಬಡಿಸಿ, ಗುಮಾಸ್ತರ ಕೈಗಿಟ್ಟ.