ಮಿಯಾಕೆ ಸಾನ್ ಡಬ್ಬಿಯ ಋಣ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣವಾದದ್ದು ಹಸಿರು ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ. ಕಳೆದ ತಿಂಗಳ ಎರಡನೇ ಶನಿವಾರ ಅದು ಬಾಲುವಿನ ಮನೆಗೆ ಬಂದಾಗ ಅದರೊಳಗೆ ಬೇಯಿಸಿದ ಮೂಲಂಗಿ, ಕ್ಯಾರೆಟ್ ಇತ್ತು. ಈ ಶನಿವಾರ ಅದು ಮಿಯಾಕೆ ಸಾನ್, ಅಂದರೆ ಅದನ್ನು ಕೊಟ್ಟ ಮಿಯಾಕೆಯವರ, ಕೈಗೆ ವಾಪಸ್ ಹೋಗಬೇಕಿತ್ತು. ಹೋಗುವಾಗ ಒಳಗೆ ಏನಿರಬೇಕು ಎಂಬುದೇ ಪ್ರಶ್ನೆ.

"ಹೇಗೂ ತೊಳ್ದಿದೀಯಲ್ಲ, ಹಾಗೇ ಕೊಟ್ಬಿಡ್ತೀನಿ," ಎಂದ ಬಾಲು.

ವೇದವಲ್ಲಿ ಗಂಡನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು. "ಖಾಲಿ ಡಬ್ಬಿ ಕೊಡ್ತಾರೇನ್ರೀ ಯಾರಾದ್ರೂ? ನಮ್ಮಮ್ಮ ಏನೂ ಇಲ್ದಿದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕಿ ಕಳಿಸೋರು."

"ಸರಿ, ಸಕ್ಕರೆ ಹಾಕು."

"ಸಕ್ಕರೆ ಮುಗ್ದು ನಾಲ್ಕು ದಿನ ಆಯ್ತು."

ಸಕ್ಕರೆ ಮಾತ್ರವಲ್ಲ, ಆ ಮನೆಯಲ್ಲಿ ಒಂದೊಂದೇ ಮುಗಿಯುತ್ತ ಬಂದಿತ್ತು. ಬಾಲುವನ್ನು ಜಪಾನಿಗೆ ಕರೆತಂದಿದ್ದ ಪ್ರಾಜೆಕ್ಟ್ ಎರಡು ತಿಂಗಳ ಹಿಂದೆ ಮುಗಿಯಿತು, ಅದರ ಹಿಂದೆಯೇ ಕೆಲಸವೂ ಮುಗಿಯಿತು. ವೇದವಲ್ಲಿ ಬೆಂತೋ ಫ್ಯಾಕ್ಟರಿಯೊಂದರಲ್ಲಿ ವಾರಕ್ಕೆ ನಾಲ್ಕು ಬೆಳಿಗ್ಗೆ ಊಟದ ಡಬ್ಬ ತುಂಬುತ್ತಿದ್ದಳು. ಆ ಸಂಬಳ ಬಾಡಿಗೆಗೆ ಸರಿಹೋಗುತ್ತಿತ್ತು. ಎಂಟು ವರ್ಷದ ಮಗಳು ಸಾಹಿತ್ಯಳ ಟೀಚರಿಗೆ ಅದು ಹೇಗೆ ಗೊತ್ತಾಯಿತೋ, ಒಂದು ದಿನ ಮಗುವಿನ ಬ್ಯಾಗಿನಲ್ಲಿ ಸದ್ದಿಲ್ಲದೆ ಒಂದು ಕರಪತ್ರ ಇಟ್ಟು ಕಳಿಸಿದ್ದರು. ಫುನಾಬೊರಿಯ ಸಮುದಾಯ ಭವನದಲ್ಲಿ ತಿಂಗಳಿಗೊಮ್ಮೆ, ಕಷ್ಟದಲ್ಲಿರುವ ಮನೆಗಳಿಗೆ ಅಕ್ಕಿ, ಎಣ್ಣೆ, ತರಕಾರಿ. ಹತ್ತರಿಂದ ಹನ್ನೆರಡರವರೆಗೆ. ಹೆಸರು ಕೂಗುವುದಿಲ್ಲ, ಕಾರಣ ಕೇಳುವುದಿಲ್ಲ, ಒಂದು ನಂಬರಿನ ಕಾರ್ಡು ತೋರಿಸಿದರೆ ಸಾಕು.

ಮೊದಲ ಸಲ ಹೋದಾಗ ಬಾಲು ನೆಲದಿಂದ ಕಣ್ಣೆತ್ತಿರಲಿಲ್ಲ. ಅದನ್ನೆಲ್ಲ ನಡೆಸುವ ಎಪ್ಪತ್ತು ವರ್ಷದ ಹೆಂಗಸು ಮಿಯಾಕೆ ಸಾನ್, ಈ ಮನೆಯವರು ಮೀನು ತಿನ್ನುವುದಿಲ್ಲ ಎಂದು ಅರ್ಜಿಯಲ್ಲಿ ಬರೆದದ್ದನ್ನು ನೆನಪಿಟ್ಟುಕೊಂಡು, ಬರೀ ಕಡಲಪಾಚಿಯ ರಸದಲ್ಲಿ ಮೂಲಂಗಿ ಬೇಯಿಸಿ, ಅಕ್ಕಿಯ ಚೀಲದ ಮೇಲೆ ಆ ಡಬ್ಬಿ ಇಟ್ಟಿದ್ದರು. "ಮೀನು ಮುಟ್ಟಿಸಿಲ್ಲ, ನಂಬಿ," ಎಂದು ಎದೆಯ ಮೇಲೆ ಕೈಯಿಟ್ಟು ಹೇಳಿದ್ದರು. ಸೈಕಲ್ ತುಳಿದುಕೊಂಡು ಮನೆಗೆ ಬರುವಾಗ ಬಾಲುವಿಗೆ ದಾರಿ ಕಾಣದಷ್ಟು ಕಣ್ಣು ತುಂಬಿತ್ತು. ಅವನಿಗೆ ಅಕ್ಕಿಗಿಂತ ಆ ಮೂಲಂಗಿಯೇ ದೊಡ್ಡದಾಗಿ ಕಂಡಿತ್ತು.

"ಎರಡು ಲೋಟ ಅಕ್ಕಿ ಉಳ್ದಿದೆ," ಎಂದಳು ವೇದವಲ್ಲಿ. "ಅಮ್ಮ ಕಳಿಸಿರೋ ಗೊಜ್ಜಿದೆ. ಪುಳಿಯೋಗರೆ ಕಲಸ್ತೀನಿ."

"ಇರೋದೇ ಅಷ್ಟು. ಮಧ್ಯಾಹ್ನಕ್ಕೆ?"

"ನೀವು ಹನ್ನೆರಡರೊಳಗೆ ಐದು ಕಿಲೋ ತರ್ತೀರಲ್ಲ, ಮತ್ತೇನು!"

ಹೀಗೆ ಮನೆಯ ಕೊನೆಯ ಅಕ್ಕಿ ಪುಳಿಯೋಗರೆಯಾಗಿ ಡಬ್ಬಿ ಸೇರಿತು. ಬಾಲು ಕಾರ್ಡನ್ನು ಜೇಬಿನಲ್ಲಿ ಎರಡು ಸಲ ಮುಟ್ಟಿ ನೋಡಿಕೊಂಡು ಮೂರನೇ ಮಹಡಿಯಲ್ಲಿ ಲಿಫ್ಟ್ ಹತ್ತಿದ.

ಲಿಫ್ಟಿನಲ್ಲಿ ರಮಾಕಾಂತ ಇದ್ದರು. ಒಂಬತ್ತನೇ ಮಹಡಿಯವರು, ದೊಡ್ಡ ಕಂಪನಿಯ ಮ್ಯಾನೇಜರು, ಊರಿನ ಕನ್ನಡ ಬಳಗದ ಕಾರ್ಯದರ್ಶಿ. ಒಳ್ಳೆಯ ಮನುಷ್ಯ, ಆದರೆ ಒಳ್ಳೆಯ ಕೆಲಸ ಎಲ್ಲಿ ನಡೆದರೂ ಫೋನ್ ಹಿಡಿದು ಫೋಟೋ ತೆಗೆಯದೆ ಬಿಡುವವರಲ್ಲ. ಬಾಲುವಿನ ಕೆಲಸ ಹೋದದ್ದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದೆಂದೇ ಬಾಲು ದಿನಾ ಲ್ಯಾಪ್‌ಟಾಪ್ ಬ್ಯಾಗು ಹೆಗಲಿಗೇರಿಸಿ ಲೈಬ್ರರಿಗೆ ಹೋಗಿ ಕೂತು ಬರುತ್ತಿದ್ದ. ರಮಾಕಾಂತರಿಗೆ ಗೊತ್ತಾಗುವುದೂ ಒಂದೇ, ಸ್ಟೇಷನ್ನಿನಲ್ಲಿ ಮೈಕ್ ಹಿಡಿದು ಸಾರುವುದೂ ಒಂದೇ.

ಅವರ ಮೂಗು ಅರಳಿತು. "ರೀ ಬಾಲು! ಪುಳಿಯೋಗರೆ! ಇಲ್ಲ ಅನ್ಬೇಡಿ!"

"ಹೌದು ಸಾರ್. ಒಬ್ರಿಗೆ ಕೊಡ್ಬೇಕಿತ್ತು. ಕಮ್ಯುನಿಟಿ ಹಾಲಲ್ಲಿ... ಕಷ್ಟದಲ್ಲಿರೋರಿಗೆ ಅಕ್ಕಿ ಅದೂ ಇದೂ ಕೊಡ್ತಾರಲ್ಲ, ಅಲ್ಲಿಗೆ."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮೇಜಿನ ಈಚೆ ಕಡೆ ನಿಲ್ಲುತ್ತೇನೆಯೋ ಆಚೆ ಕಡೆಯೋ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ.

"ವಾಲಂಟಿಯರಿಂಗಾ? ಎಷ್ಟು ದಿನದಿಂದ ರೀ? ಒಂದ್ ಮಾತ್ ಹೇಳ್ಬಾರ್ದಾ!" ರಮಾಕಾಂತ ಅವನ ಭುಜ ಹಿಡಿದರು. "ನಡೀರಿ, ನಾನೂ ಬರ್ತೀನಿ. ಇವತ್ತು ಫ್ರೀ ಇದೀನಿ."

ಬಾಲುವಿನ ಜೇಬಿನಲ್ಲಿದ್ದ ಕಾರ್ಡು ಕೆಂಡದಷ್ಟು ಬಿಸಿಯಾಯಿತು. ದಾರಿಯುದ್ದಕ್ಕೂ ಅವರನ್ನು ಕಳಚಿಕೊಳ್ಳಲು ನೋಡಿದ. ಬಿಸಿಲು ಜಾಸ್ತಿ ಎಂದ, ಅಲ್ಲಿ ಫ್ಯಾನ್ ಇದೆಯಲ್ಲ ಎಂದರು. ಅಲ್ಲಿ ಬೋರಾಗುತ್ತದೆ ಎಂದ, ಸೇವೆಯಲ್ಲಿ ಎಂಥ ಬೋರು ಎಂದರು.

ಭವನದಲ್ಲಿ ಮಿಯಾಕೆ ಸಾನ್ ಡಬ್ಬಿಯ ಮುಚ್ಚಳ ತೆಗೆದವರು ಹಾಗೇ ನಿಂತುಬಿಟ್ಟರು. ಏಳು ವರ್ಷದಿಂದ ಡಬ್ಬಿಗಳನ್ನು ಕೊಡುತ್ತಿದ್ದಾರೆ. ತೊಳೆದು ತಂದುಕೊಟ್ಟವರಿದ್ದಾರೆ, ಮರೆತವರಿದ್ದಾರೆ, ತುಂಬಿಸಿ ತಂದವರು ಒಬ್ಬರೂ ಇಲ್ಲ. ಅವರು ಕಣ್ಣೊರೆಸಿಕೊಂಡು ಎಲ್ಲರನ್ನೂ ಕರೆದರು. ಚಾಪ್‌ಸ್ಟಿಕ್ ತುದಿಯಲ್ಲಿ ಒಬ್ಬೊಬ್ಬರೂ ಒಂದಿಷ್ಟು ರುಚಿ ನೋಡಿ "ಓಯಿಶಿ! ಓಯಿಶಿ!" ಎಂದರು. ಕಾರ್ಡು ನೋಡುವ ಮೇಜಿನ ಕುಬೋ ಸಾನ್, ನಗುವುದನ್ನು ಯಾರೂ ಕಂಡಿರದ ನಿವೃತ್ತ ಗುಮಾಸ್ತರು, ಎರಡನೇ ಸಲ ಕೈಹಾಕಿದರು.

ಸಂದರ್ಭ ಸಿಕ್ಕಿತೆಂದು ರಮಾಕಾಂತ ಮುಂದೆ ಬಂದು, ಬಾಲುವಿನ ಬೆನ್ನು ತಟ್ಟಿ, "ಬಾಲು ಸಾನ್, ಬೊರಂತಿಯಾ! ಇವತ್ತು ಪೂರ್ತಿ ನಿಮ್ಮ ಜೊತೆ!" ಎಂದು ಜಪಾನಿಯಲ್ಲಿ ಘೋಷಿಸಿದರು. ಬೊರಂತಿಯಾ ಎಂದರೆ ವಾಲಂಟಿಯರ್.

ಮಿಯಾಕೆ ಸಾನ್ ಬೆರಗಾದರು. ಪಡೆಯಲು ಬಂದವನು ದುಡಿದು ಋಣ ತೀರಿಸಲು ನಿಂತಿದ್ದಾನೆ ಎಂದು ಅವರು ತಿಳಿದರು. "ನಿಜವೇ, ಬಾಲು ಸಾನ್?" ಎನ್ನುತ್ತ ತಮ್ಮ ಕೈಯಿಂದಲೇ ಅವನ ಕೊರಳಿಗೆ ಏಪ್ರನ್ ಹಾಕಿದರು. ಇಲ್ಲ ಎನ್ನಲು ಬಾಯಿ ತೆರೆದ ಬಾಲು ಆ ಮುಖ ನೋಡಿ ಬಾಯಿ ಮುಚ್ಚಿದ. ನಿಜ ಹೇಳಬೇಕೆಂದರೆ ಅವನಿಗೆ ಒಳಗೊಳಗೇ ಸಂತೋಷವೂ ಆಯಿತು. ಒಂದು ತಿಂಗಳಿಂದ ಈ ಹೆಂಗಸಿಗೆ ಏನಾದರೂ ಮಾಡಬೇಕು ಎಂದುಕೊಳ್ಳುತ್ತಲೇ ಇದ್ದ.

ಅವನಿಗೆ ಸಿಕ್ಕ ಕೆಲಸ ಅಕ್ಕಿ ಹೊರುವುದು. ಗೋಡೆಯ ಪಕ್ಕ ಐದೈದು ಕಿಲೋದ ಚೀಲಗಳು ಸಾಲಾಗಿ ನಿಂತಿದ್ದವು. ಜನ ಕಾರ್ಡು ತೋರಿಸುತ್ತಿದ್ದರು, ಬಾಲು ಚೀಲವನ್ನು ಅವರ ಸೈಕಲ್ಲಿನ ಬುಟ್ಟಿಯವರೆಗೆ ಹೊತ್ತುಕೊಟ್ಟು ತಲೆಬಾಗಿಸುತ್ತಿದ್ದ, ಅವರು ಅವನಿಗಿಂತ ಹೆಚ್ಚು ಬಾಗಿ "ಅರಿಗಾತೋ" ಎನ್ನುತ್ತಿದ್ದರು. ಒಬ್ಬ ಅಜ್ಜಿ ಅವನ ಕೈಗೆ ಎರಡು ಪೆಪ್ಪರ್‌ಮಿಂಟ್ ಇಟ್ಟು ಹೋದಳು. ಸಾಲು ಕರಗುತ್ತಿತ್ತು, ಅವನ ಕಾರ್ಡು ಇನ್ನೂ ಜೇಬಿನಲ್ಲೇ ಇತ್ತು.

ಹನ್ನೊಂದಕ್ಕೆ ಒಮ್ಮೆ, ರಮಾಕಾಂತ ಬಾಗಿಲ ಕಡೆ ತಿರುಗಿದಾಗ, ಬಾಲು ಕಾರ್ಡು ಕೈಗೆ ತೆಗೆದುಕೊಂಡು ಕುಬೋ ಸಾನ್ ಮೇಜಿನ ಹತ್ತಿರ ಹೋದ.

"ಬಾಲು, ಅಲ್ಲೇ ನಿಲ್ಲಿ! ಲೈಟ್ ಚೆನ್ನಾಗಿದೆ!" ಫೋನು ಅವನ ಮುಖದ ಮುಂದಿತ್ತು. ಕಾರ್ಡು ಮತ್ತೆ ಜೇಬು ಸೇರಿತು.

ಹನ್ನೊಂದೂ ಮುಕ್ಕಾಲಿಗೆ ಇನ್ನೊಮ್ಮೆ ಹೋದ. ಈ ಸಲ ರಮಾಕಾಂತರು ಕುಬೋ ಸಾನ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು, ಬೆಂಗಳೂರಿನ ಟ್ರಾಫಿಕ್ ಬಗ್ಗೆ ವಿವರಿಸುತ್ತಿದ್ದರು.

ಹನ್ನೆರಡು ಹೊಡೆಯಿತು. ಕುಬೋ ಸಾನ್ ಪೆನ್ನಿನ ಕ್ಯಾಪ್ ಹಾಕಿ ಎದ್ದರು. "ಒಂದು ಚೀಲ ಉಳಿದಿದೆ. ಆ ಮನೆಯವರು ಬರಲಿಲ್ಲ. ಬಾರದವರ ಅಕ್ಕಿ ಮಕ್ಕಳ ಊಟಕ್ಕೆ. ಬಾಲು ಸಾನ್, ಅಡುಗೆಮನೆಗೆ ಕೊಂಡೊಯ್ಯಿರಿ."

ಕುಬೋ ಸಾನ್‌ಗೆ ಗೊತ್ತಿದ್ದದ್ದು ನಂಬರುಗಳು ಮಾತ್ರ. ಬಾರದ ಆ ಮನೆಯವನು ಏಪ್ರನ್ ಹಾಕಿಕೊಂಡು ಎದುರಿಗೇ ನಿಂತಿದ್ದ.

ಹಿಂದಿನ ಕೋಣೆಯಲ್ಲಿ ಆ ಕೇರಿಯ ಮಕ್ಕಳಿಗೆ ಅದೇ ದಿನ ಊಟ ಹಾಕುತ್ತಿದ್ದರು. ಇಪ್ಪತ್ತೈದು ಬರಬೇಕಾದ ಕಡೆ ನಲವತ್ತು ಮಕ್ಕಳು ಬಂದಿದ್ದವು. ಮಿಯಾಕೆ ಸಾನ್ ಓಡಿಬಂದು, "ಅನ್ನ ಸಾಲುವುದಿಲ್ಲ, ಬಾಲು ಸಾನ್. ಆ ಹುಳಿ ಅನ್ನವನ್ನೇ ಮಕ್ಕಳಿಗೂ ಮಾಡಿಕೊಡಲು ಆಗುತ್ತದೆಯೇ?" ಎಂದು ಎರಡೂ ಕೈ ಜೋಡಿಸಿದರು.

ಬಾಲು ಚೀಲವನ್ನು ಹೆಗಲಿಗೇರಿಸಿದ. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ಹಾಗಿತ್ತು ಅವನ ಮುಖ.

"ಸ್ವಲ್ಪ ನಿಧಾನ ನಡೀರಿ ಬಾಲು, ವಿಡಿಯೋ ಮಾಡ್ತಿದೀನಿ," ಎಂದರು ರಮಾಕಾಂತ. "ಸ್ಮೈಲ್!"

ಬಾಲು ಮನೆಗೆ ಫೋನ್ ಮಾಡಿದ. ಕಾಲು ಗಂಟೆಯಲ್ಲಿ ವೇದವಲ್ಲಿ ಸೈಕಲ್ಲಿನ ಹಿಂದೆ ಸಾಹಿತ್ಯಳನ್ನೂ ಮುಂದಿನ ಬುಟ್ಟಿಯಲ್ಲಿ ಗೊಜ್ಜಿನ ಜಾಡಿಯನ್ನೂ ಇಟ್ಟುಕೊಂಡು ಬಂದಳು. ಬಂದವಳೇ ಪಿಸುಗುಟ್ಟಿದಳು. "ಅಕ್ಕಿ ತಗೊಂಡ್ರಾ?"

"ತಗೊಂಡೆ."

"ಎಲ್ಲಿ?"

ಬಾಲು ಹಬೆಯಾಡುತ್ತಿದ್ದ ಎರಡು ದೊಡ್ಡ ಕುಕ್ಕರ್‌ಗಳ ಕಡೆ ಕಣ್ಣು ತೋರಿಸಿದ.

ವೇದವಲ್ಲಿ ಕುಕ್ಕರ್ ನೋಡಿದಳು, ಗಂಡನ ಏಪ್ರನ್ ನೋಡಿದಳು, ಬಾಗಿಲಲ್ಲಿ ಫೋನ್ ಹಿಡಿದಿದ್ದ ರಮಾಕಾಂತರನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಯಿತು. ಬೈಯಬೇಕೆಂದು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಮಿಯಾಕೆ ಸಾನ್ ಸುಶಿಯ ಅನ್ನ ಆರಿಸುವ ಅಗಲವಾದ ಮರದ ಬಾನಿ ತಂದು ಅವಳ ಮುಂದಿಟ್ಟು, ತಾವೇ ಬೀಸಣಿಗೆ ಹಿಡಿದು ಗಾಳಿ ಹಾಕಲು ನಿಂತರು. ಎಳೆದುಕೊಂಡ ಉಸಿರನ್ನು ವೇದವಲ್ಲಿ ಹಾಗೇ ಬಿಟ್ಟಳು.

"ಈ ಅಕ್ಕಿ ಅಂಟು ಕಣ್ರೀ. ಎಣ್ಣೆ ಜಾಸ್ತಿ ಹಾಕ್ಬೇಕು," ಎಂದು ಸೆರಗಿಲ್ಲದ ಟೀ ಶರ್ಟಿಗೆ ಸೆರಗು ಸಿಕ್ಕಿಸಿಕೊಳ್ಳುವವಳಂತೆ ಸೊಂಟ ಮುಟ್ಟಿಕೊಂಡು ಕೆಲಸಕ್ಕೆ ಇಳಿದಳು. ಅಲರ್ಜಿಯಿರುವ ಮಕ್ಕಳಿವೆ ಎಂದು ಕುಬೋ ಸಾನ್ ಕಡಲೆಬೀಜ ಬೇಡವೆಂದರು. ಮೊದಲ ತಟ್ಟೆ ಅವರಿಗೇ ಹೋಯಿತು.

ಮಕ್ಕಳು ಮೊದಲು ಮೂಸಿ ನೋಡಿದವು, ಆಮೇಲೆ ತಟ್ಟೆ ಹಿಡಿದು ಮತ್ತೆ ಬಂದವು, ಅದರ ಮೇಲೆ ಮತ್ತೂ ಬಂದವು. ಸಾಹಿತ್ಯ ತನ್ನ ಕ್ಲಾಸಿನ ಗೆಳತಿಯರ ನಡುವೆ ಕೂತು, "ಇದು ನಮ್ಮನೆ ಅನ್ನ!" ಎಂದು ಜಪಾನಿಯಲ್ಲಿ ಜಂಬ ಕೊಚ್ಚುತ್ತಿದ್ದಳು. ಬಾಲು ಬೆಚ್ಚಿಬಿದ್ದ. ಅದು ಎಷ್ಟು ನಿಜವೆಂದು ಮಗುವಿಗೆ ಗೊತ್ತಿರಲಿಲ್ಲ.

ಒಂದೂವರೆಗೆ ಬಾನಿ ಬರಿದಾಯಿತು, ಗೊಜ್ಜಿನ ಜಾಡಿಯೂ ಬರಿದಾಯಿತು. ಮಿಯಾಕೆ ಸಾನ್ ವೇದವಲ್ಲಿಯ ಎರಡೂ ಕೈಗಳನ್ನು ಹಿಡಿದುಕೊಂಡು ಎಷ್ಟು ಹೊತ್ತಾದರೂ ಬಿಡಲಿಲ್ಲ. ಅವನು ತನ್ನ ಪಾಲು ಆಗಲೇ ತೆಗೆದಿಟ್ಟುಕೊಂಡಿದ್ದಾನೆಂದೇ ತಿಳಿದಿದ್ದ ಅವರಿಗೆ, ಆ ಚೀಲ ತನ್ನದೇ ಎಂದು ಹೇಳಿಬಿಡಲೇ ಎಂದು ಬಾಲು ಯೋಚಿಸಿದ. ಹೇಳಿದರೆ ತಮ್ಮ ಮನೆಯ ಅಕ್ಕಿಯನ್ನೇ ಹೊತ್ತು ತರುವ ಹೆಂಗಸು. ಆ ಹೆದರಿಕೆಗೇ ಸುಮ್ಮನಾದ. ಈ ಪರದೇಶದಲ್ಲಿ ತನಗಾಗಿ ಮೂಲಂಗಿ ಬೇಯಿಸಿದವರ ಮುಖದಲ್ಲಿ ಇಷ್ಟು ಬೆಳಕು ಕಂಡಿತಲ್ಲ, ಇವತ್ತಿಗೆ ಅಷ್ಟು ಸಾಕು ಅನ್ನಿಸಿತು. ರಾತ್ರಿಗೆ ಏನು ಎಂಬ ಯೋಚನೆ ಅದರ ಹಿಂದೆಯೇ ಬಂತು.

ತಾಯಿ ಮಗಳು ಸೈಕಲ್ಲಿನಲ್ಲಿ ಮುಂದೆ ಹೋದರು. ಬಾಲು, ರಮಾಕಾಂತ ನಡೆದು ಹೊರಟರು. ದಾರಿಯಲ್ಲಿ ರಮಾಕಾಂತರು ಸೂಪರ್ ಮಾರ್ಕೆಟ್ ಮುಂದೆ "ಒಂದ್ನಿಮಿಷ" ಎಂದು ಒಳಗೆ ಹೋದವರು ಐದು ಕಿಲೋ ಅಕ್ಕಿಯ ಚೀಲ ಹೊತ್ತುಕೊಂಡು ಬಂದರು.

"ನನಗ್ಯಾಕೋ ಮನಸ್ಸು ಕೇಳ್ತಿಲ್ಲ ಕಣ್ರೀ. ಆ ಬರ್ದೇ ಇದ್ದ ಮನೆಯವ್ರು... ಏನು ತೊಂದ್ರೆಯಿತ್ತೋ ಪಾಪ. ಅವ್ರ ಅಕ್ಕೀನ ನಾವೆಲ್ಲ ಚಪ್ಪರಿಸ್ಕೊಂಡು ತಿಂದ್ವಿ. ನಿಮಗೆ ಯಾರು ಅಂತ ಗೊತ್ತಿರತ್ತೆ. ಈಗ್ಲೇ ಹೋಗಿ ಕೊಟ್ಟು ಬರೋಣ."

ಬಾಲು ಬೆಳಗಿನಿಂದ ಯಾರಿಗೆ ಹೆದರಿ ಬಚ್ಚಿಟ್ಟುಕೊಂಡನೋ ಆ ಮನುಷ್ಯ ಅವನ ಮನೆಯ ಅಕ್ಕಿಯನ್ನು ತನ್ನ ಹೆಗಲ ಮೇಲೆ ಹೊತ್ತು ನಿಂತಿದ್ದ. ಇಂಥವರ ಹತ್ತಿರ ಎಂಥ ನಾಚಿಕೆ ಅನ್ನಿಸಿತು. ಲಿಫ್ಟಿನ ಬಾಗಿಲು ಮುಚ್ಚಿಕೊಂಡ ಕೂಡಲೇ ಬಾಲು ಹೇಳಿಯೇಬಿಟ್ಟ.

"ಸಾರ್, ಆ ಮನೆ ನಮ್ದೇ. ಕೆಲಸ ಹೋಗಿ ಎರಡು ತಿಂಗಳಾಯ್ತು. ಆ ಚೀಲ ನಂದೇ."

ರಮಾಕಾಂತರು ಅವನನ್ನೇ ನೋಡಿದರು. ಅವರ ಕಣ್ಣು ನಿಧಾನವಾಗಿ ತುಂಬಿತು. ಚೀಲ ಕೆಳಗಿಟ್ಟು ಬಾಲುವಿನ ಕೈ ಹಿಡಿದುಕೊಂಡರು.

"ಎಂಥಾ ಮನುಷ್ಯ ರೀ ನೀವು! ಯಾರೋ ಬಡವರ ಹೆಸರು ಹೊರಗೆ ಬರ್ಬಾರ್ದು ಅಂತ ನಿಮ್ ಮೇಲೆ ಹಾಕ್ಕೋತೀರಲ್ಲ!"

"ಇಲ್ಲ ಸಾರ್, ನಿಜವಾಗ್ಲೂ. ನೋಡಿ, ಕಾರ್ಡು..."

"ಅವ್ರ ಕಾರ್ಡನ್ನೂ ಜೇಬಲ್ಲಿಟ್ಕೊಂಡು ಕಾಪಾಡ್ತಿದೀರಾ! ತೋರಿಸ್ಬೇಡಿ, ಒಳಗಿಡಿ. ನಾನು ಕೇಳಿದ್ದೇ ತಪ್ಪು." ಅವರು ಕಣ್ಣೊರೆಸಿಕೊಂಡರು. "ಈ ಅಕ್ಕಿ ನಮ್ಮನೇಲೇ ಇರ್ಲಿ. ನಾನು ಡಿಸೈಡ್ ಮಾಡ್ಬಿಟ್ಟೆ ಬಾಲು. ಬಳಗದಿಂದ ಮನೆಮನೆಗೂ ಹೋಗಿ ಅಕ್ಕಿ ಕಲೆಕ್ಟ್ ಮಾಡಿ, ಪ್ರತಿ ತಿಂಗಳು ಮಿಯಾಕೆ ಸಾನ್‌ಗೆ ಕೊಡೋಣ. ಅಧ್ಯಕ್ಷರು ನೀವೇ. ಗ್ರೂಪಲ್ಲಿ ಆಗ್ಲೇ ಹಾಕಿದೀನಿ, ವಿಡಿಯೋ ಸಮೇತ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಶುರು, ಮೊದಲನೇ ಮನೆ ನಿಮ್ದು. ಹತ್ತು ಕಿಲೋ ಅಂತ ಬರ್ದಿದೀನಿ, ಸರಿ ತಾನೆ? ಅಧ್ಯಕ್ಷರು ಕಮ್ಮಿ ಕೊಟ್ರೆ ಚೆನ್ನಾಗಿರಲ್ಲ."

ಮೂರನೇ ಮಹಡಿ ಬಂತು. ಬಾಲು ಹೊರಗೆ ಕಾಲಿಟ್ಟ. ಅಕ್ಕಿಯೂ ರಮಾಕಾಂತರೂ ಮೇಲಕ್ಕೆ ಹೋದರು.

ಬಾಗಿಲಲ್ಲಿ ಕಾಯುತ್ತಿದ್ದ ವೇದವಲ್ಲಿಯ ಮುಖ ಅರಳಿತ್ತು. ಬಾಲ್ಕನಿಯಿಂದ ಚೀಲ ಬರುತ್ತಿದ್ದುದನ್ನು ಅವಳು ನೋಡಿದ್ದಳು. "ಹೇಳಿದ್ರಾ ಅವ್ರಿಗೆ? ಕೇಳಿ ಏನಂದ್ರು?"

"ಹೇಳ್ದೆ," ಎಂದ ಬಾಲು. "ಹತ್ತು ಕಿಲೋ ಅಕ್ಕಿ ಕೇಳಿದಾರೆ."