ನನ್ನ ಕಡೆಯ ಬ್ರೇಕು

ಜಾರುವುದಕ್ಕೆಂದೇ ರಜೆ ಹಾಕಿ, ಪೆಟ್ರೋಲ್ ಸುರಿದು, ಸಮುದ್ರ ದಾಟಿ ಹೋಗುವ ಮನುಷ್ಯನನ್ನು ನೀವು ನೋಡಿದ್ದೀರಾ? ಬಚ್ಚಲಲ್ಲಿ ಜಾರಿದರೆ ಆಸ್ಪತ್ರೆ, ರಸ್ತೆಯಲ್ಲಿ ಜಾರಿದರೆ ಇನ್ಶೂರೆನ್ಸು. ಆದರೆ ಬೇಕೆಂದೇ ಜಾರಿ, ಜಾರಿದ್ದಕ್ಕೆ ಸಂತೋಷಪಟ್ಟು, ಇನ್ನೂ ಚೆನ್ನಾಗಿ ಜಾರಬಹುದಿತ್ತಲ್ಲ ಎಂದು ಮನೆಗೆ ಬಂದು ಕೊರಗುವವರು? ನೀವು ನೋಡಿರಲಾರಿರಿ. ನಾನು ಮದುವೆಯಾಗಿದ್ದೆ!

ಹೆಸರು ಕೇಳಬೇಡಿ. ನಮ್ಮನೆಯವರು ಎಂದರೆ ಸಾಕು. ಗಂಡನ ಹೆಸರು ಹೇಳಬಾರದು ಎಂದು ಮೈಸೂರಿನಲ್ಲಿ ನಮ್ಮಮ್ಮ ಕಲಿಸಿದ್ದು ಇಂಗ್ಲೆಂಡಿಗೆ ಬಂದ ಮೇಲೂ ಬಿಡಲಿಲ್ಲ. ಜಿಪಿ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ನಿನ ಹುಡುಗಿ ಗಂಡನ ಹೆಸರೇನು ಎಂದರೆ ನಾನು ಪಕ್ಕಕ್ಕೆ ಕೈ ತೋರಿಸುತ್ತಿದ್ದೆ. ಅವರು ಹೇಳುತ್ತಿದ್ದರು, ಅವಳಿಗೆ ತಿಳಿಯುತ್ತಿರಲಿಲ್ಲ, ಕೊನೆಗೆ ಅವಳು ಬರೆದುಕೊಂಡದ್ದು ನಮ್ಮಿಬ್ಬರಿಗೂ ಪರಿಚಯವಿಲ್ಲದ ಯಾರದೋ ಹೆಸರು. ಆದ್ದರಿಂದ ಹೆಸರು ಗೊತ್ತಾಗದಿದ್ದರೆ ನಿಮಗೇನೂ ನಷ್ಟವಿಲ್ಲ.

ನಮ್ಮದು ಲಂಡನ್ನಿನ ಅಂಚಿನ ಫೆಲ್ಥಮ್. ತಲೆಯ ಮೇಲೆ ವಿಮಾನ ಹೋಗುವಾಗ ಮಾತು ನಿಲ್ಲಿಸಿ, ಹೋದ ಮೇಲೆ ಅದೇ ಪದದಿಂದ ಮುಂದುವರಿಸುವ ಊರು. ಜಗಳಗಳೂ ಹಾಗೆಯೇ ನಡೆಯುತ್ತವೆ. ಅವರ ಕೆಲಸ ವಿಮಾನ ನಿಲ್ದಾಣದಲ್ಲಿ. ಚಳಿಗಾಲದ ಬೆಳಗ್ಗೆ ವಿಮಾನದ ರೆಕ್ಕೆಯ ಮೇಲೆ ಐಸ್ ಕಟ್ಟಿರುತ್ತದಲ್ಲ, ಅದನ್ನು ಎತ್ತರದ ಲಾರಿಯ ತುದಿಯಲ್ಲಿ ನಿಂತು ಬಿಸಿ ದ್ರಾವಣ ಎರಚಿ ಕರಗಿಸುವುದು. ಹುಬ್ಬಳ್ಳಿಯಲ್ಲಿ ಹುಟ್ಟಿ, ಇಪ್ಪತ್ತು ದಾಟುವವರೆಗೂ ಐಸ್ ಅಂದರೆ ಐಸ್‌ಕ್ಯಾಂಡಿ ಎಂದೇ ತಿಳಿದಿದ್ದವರಿಗೆ ದೇವರು ಕೊಟ್ಟ ಕೆಲಸ ನೋಡಿ! ಸಂಬಳ ತೆಗೆದುಕೊಂಡು ಐಸ್ ಕರಗಿಸುವುದು, ರಜೆ ಹಾಕಿ ಐಸ್ ಹುಡುಕಿಕೊಂಡು ಹೋಗುವುದು. ಫೆಬ್ರವರಿಯಲ್ಲಿ ರಜೆ ಕೇಳಿದಾಗ ಮ್ಯಾನೇಜರು ಕಾರಣ ಕೇಳಿದರಂತೆ. ಇವರು ನಿಜವನ್ನೇ ಹೇಳಿದರು. ಮ್ಯಾನೇಜರು ತಮಾಷೆ ಎಂದುಕೊಂಡು ನಕ್ಕು ರಜೆ ಕೊಟ್ಟರು.

ಈ ರೋಗ ಅಂಟಿಸಿದ್ದು ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬ ಸ್ವೀಡನ್ನಿನವನು. ಅವನ ಊರಲ್ಲಿ ಚಳಿಗಾಲಕ್ಕೆ ಕೆರೆ ಗಟ್ಟಿಯಾಗುತ್ತದೆ. ಊರವರು ಅದರ ಮೇಲಿನ ಹಿಮ ಗೋರಿ ದಾರಿ ಮಾಡಿ, ಹಳೇ ಕಾರುಗಳಿಗೆ ಐಸ್ ಕಚ್ಚುವ ಮುಳ್ಳಿನ ಟೈರು ಹಾಕಿ ರೇಸ್ ಬಿಡುತ್ತಾರೆ. ಓಡಿಸುವವರು ಹೆಸರಾದವರೇನಲ್ಲ; ಹಲ್ಲಿನ ಡಾಕ್ಟರು, ಹಸು ಸಾಕುವವನು, ಶಾಲೆಯ ಮೇಷ್ಟ್ರು. ನಮ್ಮನೆಯವರು ಒಮ್ಮೆ ನೋಡಲು ಹೋದರು. ಬಂದಾಗ ಬೇರೆ ಮನುಷ್ಯ. ಮರುವರ್ಷದಿಂದ ನಮ್ಮ ಕಾರನ್ನೇ ಒಯ್ದು ತಾವೂ ಓಡಿಸತೊಡಗಿದರು. ಊಟಕ್ಕೆ ಕೂತರೆ ಎಣ್ಣೆ ಸವರಿದ ತಟ್ಟೆಯಲ್ಲಿ ನಿಂಬೆಹಣ್ಣಿನ ಹೋಳು ಜಾರಿಸಿ ತಿರುವು ತೋರಿಸುತ್ತಿದ್ದರು.

"ಐಸಿನ ಮ್ಯಾಲೆ ಬ್ರೇಕ್ ಒತ್ತಿದಿ ಅಂದ್ರ ಕಥಿ ಮುಗೀತು. ಗಾಡಿ ಎಲ್ಲಿ ಹೊಂಟೈತಿ ಅಲ್ಲಿ ನೋಡಬಾರ್ದು. ನಾವು ಎಲ್ಲಿ ಹೋಗಬೇಕು ಅಲ್ಲಿ ನೋಡಬೇಕು."

ನಾನು ಸಾರು ಬಡಿಸುತ್ತಾ, ನಿಂಬೆಹಣ್ಣು ಹಿಂಡಿಕೊಳ್ಳಿ, ಎಂದೆ.

ಲಂಡನ್ನಿನಲ್ಲಿ ಅಭ್ಯಾಸಕ್ಕೆ ಐಸೆಲ್ಲಿ? ಸೂಪರ್‌ಮಾರ್ಕೆಟ್ಟಿನ ಟ್ರಾಲಿಯೇ ಗತಿ. ಅಕ್ಕಿಮೂಟೆ ಹೇರಿಕೊಂಡು ಬಿಸ್ಕತ್ತಿನ ಸಾಲಿನಿಂದ ಹಾಲಿನ ಸಾಲಿಗೆ ತಿರುಗುವಾಗ ಟ್ರಾಲಿಯ ಬಾಲವನ್ನು ಬೇಕೆಂದೇ ಹೊರಗೆ ಎಸೆದು, ತಕ್ಷಣ ಎದುರು ದಿಕ್ಕಿಗೆ ಒಯ್ದು ನೇರ ಮಾಡುತ್ತಿದ್ದರು. ಜನ ದಾರಿ ಬಿಡುತ್ತಿದ್ದರು. ನಾನು ಮೊಟ್ಟೆಯ ಡಬ್ಬವನ್ನು ಎದೆಗೆ ಅವಚಿಕೊಂಡು, ಪರಿಚಯವಿಲ್ಲದವಳಂತೆ ಹಿಂದೆ ಬರುತ್ತಿದ್ದೆ.

ಈ ಊರಲ್ಲಿ ಒಂದಿಂಚು ಹಿಮ ಬಿದ್ದರೆ ರೈಲಿಲ್ಲ, ಶಾಲೆಯಿಲ್ಲ, ಅಂಗಡಿಯಲ್ಲಿ ಬ್ರೆಡ್ಡಿಲ್ಲ. ಎಲ್ಲರೂ ಕಿಟಕಿಯಿಂದ ಇಣುಕಿ ನಿಟ್ಟುಸಿರು ಬಿಡುವಾಗ ನಮ್ಮ ಬೀದಿಯಲ್ಲಿ ಒಬ್ಬರು ಮಾತ್ರ ಮದುವೆ ಮನೆಗೆ ಹೊರಟವರಂತೆ ಕಾರು ಒರೆಸುತ್ತಿದ್ದರು. ಅಷ್ಟರಲ್ಲಿ ಕೌನ್ಸಿಲಿನ ಲಾರಿ ಬಂದು ರಸ್ತೆಗೆ ಉಪ್ಪು ಎರಚಿ ಹಿಮ ಕರಗಿಸಿ ಹೋಗುತ್ತಿತ್ತು. ಅವರು ಬಾಡಿದ ಮುಖ ಮಾಡಿಕೊಂಡು ಒಳಗೆ ಬಂದು, "ಉಪ್ಪು ಭಾಳ ಹಾಕ್ಯಾರ, ಕೆಡಿಸಿಬಿಟ್ರು" ಎನ್ನುತ್ತಿದ್ದರು. ನನ್ನ ಅಡುಗೆಗೂ ಅಷ್ಟು ನೊಂದು ಹೇಳಿದವರಲ್ಲ.

ಇಲ್ಫರ್ಡಿನ ಶಾಲೆಯೊಂದರಲ್ಲಿ ಕನ್ನಡದವರೆಲ್ಲ ಯುಗಾದಿಗೆ ಸೇರುತ್ತೇವೆ. ಅಲ್ಲಿ ಡಾಕ್ಟರುಗಳದ್ದು ಒಂದು ಸಾಲು, ಅವರ ಹೆಂಡತಿಯರದ್ದು ಒಂದು ಸಾಲು, ಉಳಿದವರಿಗೆ ಉಳಿದ ಕುರ್ಚಿ. ಒಬ್ಬ ಹಿರಿಯ ಡಾಕ್ಟರು ಉಪಚಾರಕ್ಕೆ, ಚಳಿಗಾಲದಲ್ಲಿ ಕಾಣಿಸಲೇ ಇಲ್ಲವಲ್ಲ ಎಂದರು. ಇವರು ಉತ್ಸಾಹದಿಂದ, "ರೇಸಿಗೆ ಹೋಗಿದ್ದೆ ಡಾಕ್ಟ್ರ. ಐಸ್ ಇದ್ರ ಅದರ ಮಜಾನೇ ಬ್ಯಾರೆ" ಎಂದುಬಿಟ್ಟರು.

ಬೆಂಗಳೂರು, ಮೈಸೂರು ಕಡೆಯವರ ಕಿವಿಯಲ್ಲಿ ರೇಸ್ ಎಂದರೆ ಕುದುರೆ. ಐಸ್ ಎಂದರೆ ಗ್ಲಾಸು. ಪಾಯಸ ಬರುವ ಹೊತ್ತಿಗೆ ಸುದ್ದಿ ಹೆಂಗಸರ ಸಾಲಿಗೆ ಮುಟ್ಟಿತ್ತು. ಡಾಕ್ಟರ ಹೆಂಡತಿ ನನ್ನ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡರು.

"ನಮ್ ಚಿಕ್ಕಪ್ಪಾನೂ ಹೀಗೇ ಕಣ್ರೀ. ಜಯನಗರದಲ್ಲಿದ್ದ ಸೈಟು ಹೋಯ್ತು. ನೀವು ಹೇಗೆ ತಡ್ಕೊಂಡಿದೀರೋ."

"ತಡ್ಕೊಳ್ಳೋದೇನು, ನಮ್ದು ಸ್ವಂತದ್ದೇ," ಎಂದೆ ನಾನು, ಕಾರಿನ ಮಾತೆಂದು. "ವಯಸ್ಸಾಗಿದೆ, ಆದ್ರೂ ಚೆನ್ನಾಗಿ ಓಡತ್ತೆ. ಮನೆ ಹಿಂದೆ ಶೆಡ್ಡಲ್ಲೇ ನಿಲ್ಸಿದೀವಿ."

ಅವರ ಕಣ್ಣುಗಳಲ್ಲಿ ಫೆಲ್ಥಮ್ಮಿನ ನಮ್ಮ ಹಿತ್ತಲು, ಅದರೊಳಗೊಂದು ಮುದಿ ಕುದುರೆ ಕಾಣಿಸಿಕೊಂಡದ್ದು ನನಗೆ ಆಗ ತಿಳಿಯಲಿಲ್ಲ. ಹೊರಡುವಾಗ ನನಗೆ ಮಾತ್ರ ಎರಡು ಡಬ್ಬ ಹೋಳಿಗೆ ಕಟ್ಟಿಕೊಟ್ಟರು. ಮನೆಯಲ್ಲಿ ಹೋಳಿಗೆ ತಿನ್ನುತ್ತಾ ವಿಷಯ ಹೊಳೆದು ಇಬ್ಬರೂ ನಕ್ಕೆವು. ತಪ್ಪು ತಿಳಿವಳಿಕೆ ಸರಿಪಡಿಸೋಣವೆಂದು ನಾನೆಂದೆ. ಮುಂದಿನ ಯುಗಾದಿಯವರೆಗೂ ಇರಲಿ, ಹೋಳಿಗೆ ಚೆನ್ನಾಗಿದೆ ಎಂದರು ಅವರು.

ಈಗ ನನ್ನ ಕಾಲಿನ ವಿಷಯಕ್ಕೆ ಬರುತ್ತೇನೆ.

ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ನಿಲ್ಲಿಸಲು ಬರುತ್ತದೆ. ಗಂಡನ ಪಕ್ಕ ಕೂತ ಯಾವ ಹೆಂಗಸಿಗೆ ಬರುವುದಿಲ್ಲ ಹೇಳಿ? ಎದುರಿಗೆ ಲಾರಿ ಕಂಡರೆ, ಬೆಕ್ಕು ಕಂಡರೆ, ಬರಿಯ ತಿರುವು ಕಂಡರೂ ನನ್ನ ಬಲಗಾಲು ತಾನಾಗಿ ನೆಲ ಒತ್ತುತ್ತಿತ್ತು. ಒತ್ತಿ ಒತ್ತಿ ನನ್ನ ಕಡೆಯ ಮ್ಯಾಟು ತೂತು ಬಿದ್ದಿತು. ಬ್ರೇಕೆಂದರೆ ಪಾಪವೆನ್ನುವ ಗಂಡ, ಇಲ್ಲದ ಬ್ರೇಕನ್ನೇ ಸವೆಸುವ ಹೆಂಡತಿ. ಜಾತಕ ನೋಡಿಯೇ ಮದುವೆ ಮಾಡಿದ್ದರು!

ಅವರಿಗೆ ಒಂದೇ ಆಸೆ. ಆ ಕೆರೆಯಲ್ಲಿ ಪಕ್ಕದಲ್ಲೊಬ್ಬರನ್ನು ಕೂರಿಸಿಕೊಂಡು ಓಡಿಸುವ ಒಂದು ರೇಸಿತ್ತು. ಹಲ್ಲಿನ ಡಾಕ್ಟರಿಗೆ ಅವರ ಹೆಂಡತಿ, ಮೇಷ್ಟ್ರಿಗೆ ಅವರ ತಂಗಿ. ಇವರ ಪಕ್ಕದ ಸೀಟು ಪ್ರತಿ ವರ್ಷವೂ ಖಾಲಿ. ಒಂದು ಸಲ ಬಾ ಎನ್ನುತ್ತಿದ್ದರು. ಕೆರೆಯ ಮೇಲೆ ಕಾರಿನಲ್ಲಿ ಕೂರುವ ಹುಚ್ಚು ನನಗಿಲ್ಲ ಎನ್ನುತ್ತಿದ್ದೆ. ಕೊನೆಗೆ ಬಾಯಿ ಮುಚ್ಚಿಸಲೆಂದು, "ನನ್ ಕಡೆಗೂ ಒಂದು ಬ್ರೇಕ್ ಹಾಕ್ಸಿ, ಬರ್ತೀನಿ" ಎಂದೆ.

ಹಾಗೆ ಹೇಳಬಾರದಿತ್ತು. ಡ್ರೈವಿಂಗ್ ಕಲಿಸುವವರ ಕಾರಿನಲ್ಲಿ ಎರಡೂ ಕಡೆ ಬ್ರೇಕಿರುತ್ತದಲ್ಲ, ಅಂಥದ್ದೊಂದನ್ನು ಗ್ರೀನ್‌ಫರ್ಡಿನ ಹಳೇ ಕಾರಿನ ಗುಜರಿಯಿಂದ ಹೊತ್ತು ತಂದರು. ಎರಡು ಶನಿವಾರ ನನ್ನ ಸೀಟಿನ ಕೆಳಗೆ ತಲೆ ತೂರಿಸಿ ಮಲಗಿದ್ದರು. ಬೀದಿಯವರಿಗೆ ಕಾಣುತ್ತಿದ್ದುದು ಕಾಲು ಮಾತ್ರ. ಪಕ್ಕದ ಮನೆಯಾಕೆ ಬಂದು, ಎಲ್ಲ ಸರಿಯಾಗಿದೆಯೇ ಎಂದು ಆ ಕಾಲುಗಳನ್ನು ಕೇಳಿ ಹೋದಳು.

ಬೀದಿಯಲ್ಲಿ ಪರೀಕ್ಷೆ ಮಾಡಿದೆವು. ಒತ್ತಿದೆ. ಕಾರು ನಿಧಾನವಾಯಿತು. ಇನ್ನೂ ಒತ್ತಿದೆ. ನಿಂತಿತು! ಆ ಸಂತೋಷ ಏನು ಹೇಳಲಿ. ಜೀವನದಲ್ಲಿ ಮೊದಲ ಬಾರಿಗೆ ಒಂದು ಯಂತ್ರ ನನ್ನ ಮಾತು ಕೇಳಿತ್ತು. ಒಂದೇ ಕೊರತೆ, ಒತ್ತಿದ ಮೇಲೆ ಸ್ವಲ್ಪ ತಡವಾಗುತ್ತಿತ್ತು. ಕೇಳಿದರೆ, "ಹಳೇ ಗಾಡಿ, ತಂತಿ ಉದ್ದ ಐತಿ. ಸುದ್ದಿ ಮುಟ್ಟಾಕ ವ್ಯಾಳ್ಯಾ ಹಿಡಿತೈತಿ" ಎಂದರು.

ಆ ಫೆಬ್ರವರಿಯಲ್ಲಿ ಹೋದೆವು. ಚಪಾತಿ, ಚಟ್ನಿಪುಡಿ, ಒಂದರ ಮೇಲೊಂದು ನಾಲ್ಕು ಸ್ವೆಟರು. ಕೆರೆಯೆಂದರೆ ಕೆರೆಯಲ್ಲ, ಬಿಳಿ ಮೈದಾನ. ತಲೆಗೆ ಹೆಲ್ಮೆಟ್ ತುರುಕಿದರು. ಹಣೆಯ ಬಿಂದಿ ಅದರೊಳಗೇ ಅಂಟಿಕೊಂಡು ಉಳಿಯಿತು. ನಮ್ಮ ಕಾರಿನ ಸ್ಟಿಯರಿಂಗ್ ಬಲಕ್ಕೆ, ಅಲ್ಲಿಯವರದ್ದು ಎಡಕ್ಕೆ. ಎಡಗಡೆ ಕೂತಿದ್ದ ನನ್ನನ್ನೇ ಡ್ರೈವರ್ ಎಂದುಕೊಂಡ ಜನ ಕೈ ಬೀಸಿ ಕೂಗಿದರು. ನಾನೂ ಎರಡೂ ಕೈ ಬೀಸಿದೆ. ಸ್ಟಿಯರಿಂಗೇ ಹಿಡಿಯದೆ ಓಡಿಸುವ ಹೆಂಗಸನ್ನು ಆ ಊರು ಕಂಡಿರಲಿಲ್ಲ. ರೇಸ್ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು ನನ್ನ ಕೈ ಕುಲುಕಿದಳು.

ರೇಸಾ? ಮೊದಲ ತಿರುವಿನಲ್ಲೇ ಒತ್ತಿದೆ. ಎರಡನೆಯದರಲ್ಲೂ. ಆಮೇಲೆ ಕಾಲು ತೆಗೆದದ್ದೇ ಕಡಿಮೆ. ಒತ್ತಿದಾಗಲೆಲ್ಲ ಕಾರು ನಿಧಾನವಾಯಿತು. ಹಲ್ಲಿನ ಡಾಕ್ಟರು ಮುಂದೆ ಹೋದರು, ಮೇಷ್ಟ್ರು ಮುಂದೆ ಹೋದರು, ಹಸುವಿನವನೂ ಹೋದ. ಇವರು ಮುಂದೆ ನೋಡುವುದು ಬಿಟ್ಟು ಗಳಿಗೆಗೊಮ್ಮೆ ನನ್ನ ಕಾಲು ನೋಡುತ್ತಿದ್ದರು.

"ರೀ, ದಾರಿ ನೋಡ್ರೀ. ಈ ವಯಸ್ಸಲ್ಲಿ ಅದೇನು ಕಾಲು ನೋಡೋದು."

"ಹೊಸಾ ಬೂಟು ಛಲೋ ಅದಾವು," ಎಂದರು.

ಕೊನೆಯವರಾಗಿ ಬಂದೆವು. ಕೊನೆಯವರಿಗೆಂದೇ ಇಟ್ಟಿದ್ದ ಒಂದು ಜೊತೆ ಉಣ್ಣೆಯ ಕಾಲುಚೀಲ ಕೊಟ್ಟರು. ಏನಾಯಿತೆಂದು ಹಲ್ಲಿನ ಡಾಕ್ಟರು ಕೇಳಿದಾಗ ಇವರು, ಈ ಸಲ ಬ್ರೇಕು ಹೆಂಡತಿಯ ಹತ್ತಿರ ಇತ್ತು ಎಂದರು. ನನಗೆ ಹೆಮ್ಮೆಯಾಯಿತು. ನಾನಿಲ್ಲದಿದ್ದರೆ ಇಬ್ಬರೂ ಕೆರೆಯ ತಳದಲ್ಲಿರುತ್ತಿದ್ದೆವು ಎಂದು ಮುಂದಿನ ಯುಗಾದಿಯಲ್ಲಿ ಹೆಂಗಸರ ಸಾಲಿಗೆ ಹೇಳಿದೆ. ಕುದುರೆಯನ್ನು ಕೆರೆಗೆ ಯಾಕೆ ಇಳಿಸಿದಿರಿ ಎಂದು ಡಾಕ್ಟರ ಹೆಂಡತಿ ಕೇಳಿದರು.

ಇವರು ಐಸಿನ ಮೇಲೆಯೇ ಹೋಗುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರು. ನಾನೂ. ಹೋದದ್ದು ಈ ಜೂನಿನಲ್ಲಿ. ಬಿಸಿಲು, ಒಣ ರಸ್ತೆ. ಕಾರು ಗ್ಯಾರೇಜಿನಲ್ಲಿತ್ತು, ಹಾಲಿಗೆಂದು ಹೋದವರು ಬಸ್ ಸ್ಟಾಪಿನಲ್ಲಿ ಕೂತಿದ್ದರು. ಬಸ್ ಬಂತು. ಡ್ರೈವರು ಕಾದನಂತೆ. ಅವರು ಏಳಲಿಲ್ಲ. ಕೂತಲ್ಲಿಂದ ಒಂದು ಚೂರೂ ಜಾರಿರಲಿಲ್ಲ, ಹಾಲಿನ ಚೀಲ ತೊಡೆಯ ಮೇಲೆ ನೆಟ್ಟಗಿತ್ತು.

ಕಾರು ಮಾರುವುದೆಂದಾಯಿತು. ಓಡಿಸಲು ಬಾರದವಳಿಗೆ ಕಾರೇಕೆ? ಗ್ರೀನ್‌ಫರ್ಡಿನಲ್ಲಿ ಒಬ್ಬರು ಕೊಳ್ಳಲು ಒಪ್ಪಿದರು. ಇಲ್ಫರ್ಡಿನಿಂದ ಮಗಳು ಬಂದು ಅವರ ಸೀಟಿನಲ್ಲಿ ಕೂತಳು. ನಾನು ನನ್ನ ಸೀಟಿನಲ್ಲಿ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವತ್ತು ಇಬ್ಬರೂ ಯಾವುದರಲ್ಲೂ ಮಾತಾಡಲಿಲ್ಲ.

ಗ್ರೀನ್‌ಫರ್ಡಿನ ಹತ್ತಿರ ಒಂದು ದೊಡ್ಡ ಲಾರಿ ಅಡ್ಡ ತಿರುಗಿತು. ಒತ್ತಿದೆ. ಕಾರು ನಿಧಾನವಾಗಲಿಲ್ಲ. ಕಾಲು ಊರಿ ಒತ್ತಿದೆ. ಏನೂ ಇಲ್ಲ. ಮಗಳು ತನ್ನ ಬ್ರೇಕ್ ಒತ್ತಿದಳು, ನಿಂತಿತು.

"ನನ್ ಬ್ರೇಕ್ ಕೆಟ್ಟಿದೆ ಕಣೇ. ಹೀಗೆ ಮಾರೋ ಹಾಗಿಲ್ಲ, ಅವರಿಗೆ ಹೇಳ್ಬೇಕು."

"ವಾಟ್ ಬ್ರೇಕ್, ಅಮ್ಮ?"

ಒಂದು ಗೋದಾಮಿನ ಮುಂದೆ ಕಾರು ನಿಲ್ಲಿಸಿ, ಫೋನಿನ ಬೆಳಕು ಹಿಡಿದು ನನ್ನ ಕಾಲ ಹತ್ತಿರ ಬಗ್ಗಿದಳು. ಎರಡು ಶನಿವಾರ ಅವರು ತಲೆ ತೂರಿಸಿದ್ದ ಜಾಗದಲ್ಲಿ. ತುಂಬ ಹೊತ್ತು ಏಳಲಿಲ್ಲ.

"ಇಟ್ಸ್ ನಾಟ್ ಕನೆಕ್ಟೆಡ್ ಟು ಎನಿಥಿಂಗ್, ಅಮ್ಮ," ಎಂದಳು. ಮತ್ತೆ, ನನಗೆ ತಿಳಿಯಲಿಲ್ಲವೇನೋ ಎಂದು, ಕನ್ನಡದಲ್ಲಿ: "ತಂತಿ ಇಲ್ಲ. ಸುಮ್ನೆ ಒಂದು ಸ್ಪ್ರಿಂಗ್."

ಹಾಗಾದರೆ ಇಷ್ಟು ವರ್ಷ ಕಾರು ನಿಲ್ಲಿಸಿದ್ದು ಯಾರು? ಬೆಕ್ಕಿಗೆ, ಲಾರಿಗೆ, ಬರಿಯ ತಿರುವಿಗೆ? ಆ ಕೆರೆಯ ಮೇಲೆ, ಹಲ್ಲಿನ ಡಾಕ್ಟರು ನಗುತ್ತಾ ಮುಂದೆ ಹೋಗುವಾಗ? ಬೂಟು ನೋಡುತ್ತಿದ್ದರಂತೆ, ಬೂಟು.

ಸುದ್ದಿ ಮುಟ್ಟಾಕ ವ್ಯಾಳ್ಯಾ ಹಿಡಿತೈತಿ.

ಮಗಳು ಕಾರು ಹೊರಡಿಸಿದಳು. ಮುಂದಿನ ರೌಂಡಬೌಟಿನಲ್ಲಿ ಗ್ರೀನ್‌ಫರ್ಡಿನ ದಾರಿ ಬಿಟ್ಟು, ಪೂರ್ತಿ ಸುತ್ತಿ, ಬಂದ ದಾರಿಗೇ ತಿರುಗಿಸಿದಳು. ಇನ್ನೊಂದು ತಿರುವು ಕಂಡೊಡನೆ ನನ್ನ ಕಾಲು ಅದರ ಪಾಡಿಗೆ ಅದು ಪೆಡಲು ಒತ್ತಿತು.

ಕಾರು ನಿಧಾನವಾಯಿತು. ಸ್ವಲ್ಪ ತಡವಾಗಿ.